ನಮ್ಮದಲ್ಲದ ಕುರ್ಚಿ

ನಮ್ಮ ಕೂಟದ ಮನೆಗೆ ಮೀರಬಾರದ ಕಟ್ಟಳೆಯೊಂದಿದೆ. ನೀನು ತಂದಿಟ್ಟ ಕುರ್ಚಿಯಲ್ಲಿ ನೀನು ಕೂರಬಾರದು.

ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಮದುವೆಯಾಗಿ ಈ ಊರಿಗೆ ಬಂದ ಸೊಸೆಯರೂ ಮೊದಮೊದಲು ನಕ್ಕವರೇ. ಎರಡು ಸಭೆ ಕಳೆಯುವಷ್ಟರಲ್ಲಿ ಅತ್ತೆಯರಿಗಿಂತ ಬಿಗಿಯಾಗುತ್ತಾರೆ. ಗಂಡ ಮರೆತು ಹಿರಿಯರು ತೋರಿಸಿದ್ದು ಬಿಟ್ಟು ಬೇರೆ ಸ್ಟೂಲಿಗೆ ಕುಂಡೆ ಊರಿದರೆ ರಟ್ಟೆ ಹಿಡಿದು ಎಬ್ಬಿಸುತ್ತಾರೆ.

ಕೂಟದ ಮನೆ ಎಂದರೆ ಕಲ್ಲುಕ್ವಾರಿಯ ಕಸದಿಂದ ಕಟ್ಟಿದ ಉದ್ದನೆಯ ಕೋಣೆ. ಮೂಲೆ ಒಡೆದ, ಬಿರುಕು ಬಿಟ್ಟ, ಮಾರಾಟಕ್ಕೆ ಬಾರದೆ ಧಣಿ ಹಳ್ಳಕ್ಕೆ ಎಸೆಸಿದ ಕಲ್ಲನ್ನು ಹೊತ್ತು ತಂದು, ಕೆಲಸ ಬಿಟ್ಟ ಸಂಜೆಗಳಲ್ಲಿ ಕಟ್ಟಿದ್ದು. ಒಂದು ಗೋಡೆ ಹೊಟ್ಟೆ ಉಬ್ಬಿಸಿಕೊಂಡಿದೆ. ಕಟ್ಟಿದವರು ಅವತ್ತು ಕುಡಿದಿದ್ದರು ಎನ್ನುತ್ತಾರೆ ಕೆಲವರು. ಅಲ್ಲ, ಅದು ಬಸುರಿ ಗೋಡೆ, ಈ ಊರಿನ ಜಗಳಗಳನ್ನೆಲ್ಲ ಹೆತ್ತದ್ದು ಅದೇ ಎನ್ನುತ್ತಾರೆ ಇನ್ನು ಕೆಲವರು. ಹೊಟ್ಟೆ ಉಬ್ಬಿದರೂ ಅದು ಬಿದ್ದಿಲ್ಲ. ಹೊಳೆ ಉಕ್ಕಿದ ವರ್ಷ ಧಣಿಯ ಬಂಗಲೆಯ ಕಾಂಪೌಂಡ್ ಕೊಚ್ಚಿಕೊಂಡು ಹೋಯಿತು, ಇದು ನಿಂತಿತು.

ಕಟ್ಟುವುದಕ್ಕೆ ಕಾರಣ ಧಣಿಯ ಜಗಲಿ. ವಾರದ ಕೂಲಿ ಕೊಡುವಾಗ ಧಣಿ ಜಗಲಿಯ ಮೇಲೆ ಕೂರುತ್ತಿದ್ದ, ಊರು ಕೆಳಗೆ ನಿಲ್ಲುತ್ತಿತ್ತು. ಕಣ್ಣಿಗೆ ಕಲ್ಲಿನ ಚೂರು ಹೊಕ್ಕವನು ನಿಂತೇ ಹೇಳಬೇಕು, ಕಾಲು ಜಜ್ಜಿಹೋದವನೂ ಇನ್ನೊಬ್ಬರ ಹೆಗಲು ಹಿಡಿದು ನಿಂತೇ ಹೇಳಬೇಕು. ಹಾಗೆ ಒಂದು ಕಾಲಿನ ಮೇಲೆ ನಿಂತಿದ್ದ ಮುದುಕ ಕಲ್ಲುಕುಟಿಗನೊಬ್ಬ, "ಕೂತ್ಕೊಂಡು ಮಾತಾಡೋಕೆ ನಮಗೂ ಒಂದು ಜಾಗ ಬೇಕು ಕಣ್ರೋ" ಅಂದನಂತೆ. ಅಷ್ಟೇ ಅವನು ಆಡಿದ್ದು. ಆ ಮಾತಿನ ಮೇಲೆ ಈ ಕಲ್ಲುಗಳೆಲ್ಲ ನಿಂತಿವೆ. ಒಳಗೆ ಕಾಲಿಟ್ಟ ಯಾರೂ ನಿಲ್ಲಬಾರದು, ಎಲ್ಲರೂ ಕೂತೇ ಮಾತಾಡಬೇಕು ಎಂಬುದು ಅಡಿಪಾಯದ ದಿನವೇ ಆದ ತೀರ್ಮಾನ.

ಆದರೆ ಕೂರಲು ಏನಿತ್ತು? ಮನೆಗೊಂದು ಕುರ್ಚಿ ತರಬೇಕೆಂದಾಯಿತು. ಆಗ ನೋಡಿ ಮಜಾ. ದಿನಸಿ ಅಂಗಡಿಯವನು ಎರಡು ಕಡೆ ಕೈಯಿರುವ ಅಗಲದ ಕುರ್ಚಿ ತಂದು, ಎಲ್ಲರಿಗಿಂತ ಮುಂದೆ ಹಾಕಿಕೊಂಡು ಕೂತ. ಮುಂದಿನ ಸಭೆಗೆ ಮೇಸ್ತ್ರಿ ಇನ್ನೂ ಎತ್ತರದ್ದು ತಂದ. ಅದರ ಮುಂದಿನದಕ್ಕೆ ಇನ್ನೊಬ್ಬ ದಿಂಬನ್ನೂ ತಂದ. ಉಳಿದವರು ಹಿಂದೆ ಮಣೆ, ಡಬ್ಬ, ದಿಮ್ಮಿಗಳ ಮೇಲೆ. ಧಣಿಯ ಜಗಲಿ ಬೇಡವೆಂದು ಬಂದವರು ಒಳಗೇ ಮೂರು ಜಗಲಿ ಎಬ್ಬಿಸಿಬಿಟ್ಟಿದ್ದರು! ಅದೇ ಮುದುಕ ನಗುತ್ತಾ ಹೇಳಿದ: "ಇವತ್ತಿಂದ ಅವರವರ ಕುರ್ಚೀಲಿ ಅವರವರು ಕೂರೋ ಹಾಗಿಲ್ಲ. ಏಳ್ರೀ ಮೇಲೆ."

ಕುರ್ಚಿಗೆ ಹೆಸರು ಬರೆಯಬಾರದೆಂದೂ ಆಯಿತು. ಅಂಗಡಿಯವನು ಮಣೆಗೆ ಇಳಿದ, ಮಣೆಯವನು ಕೈಕುರ್ಚಿಗೆ ಏರಿದ. ಒಬ್ಬ ಜಿಪುಣ ಹೊಟ್ಟೆಕಿಚ್ಚಿಗೆ ತನ್ನ ಒಳ್ಳೆಯ ಕುರ್ಚಿ ವಾಪಸ್ ಒಯ್ದು, ತಿಗಣೆ ತುಂಬಿದ್ದನ್ನು ತಂದಿಟ್ಟ. ನೆಂಟನೆಂಬ ಲೆಕ್ಕದಲ್ಲಿ ಅದರಲ್ಲಿ ಕೂತದ್ದು ಅವನದೇ ಮನೆಯಲ್ಲಿ ಬೀಡುಬಿಟ್ಟಿದ್ದ ಭಾವಮೈದ. ತಿಗಣೆಗಳು ಸಭೆ ಮುಗಿಸಿಕೊಂಡು ಅವನ ಜೊತೆಗೇ ಮನೆಗೆ ಹೋದವು.

ಅಂದಿನಿಂದ ಊರಿನ ಬದುಕೆಲ್ಲ ಈ ಕುರ್ಚಿಗಳ ಮೇಲೆ ನಡೆಯಿತು. ಕ್ವಾರಿ ಮುಷ್ಕರದಲ್ಲಿ ಊರಿಗೆಲ್ಲ ಒಂದೇ ಒಲೆ ಉರಿದದ್ದು ಇಲ್ಲಿ. ಜ್ವರ ಹರಡಿದಾಗ ಎರಡೆರಡು ಕುರ್ಚಿ ಜೋಡಿಸಿ ಮಕ್ಕಳನ್ನು ಮಲಗಿಸಿದ್ದು ಇಲ್ಲಿ. ಪೇಪರನ್ನು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ತಡೆದು ತಡೆದು ಅರ್ಥ ಕೇಳಿ, ಓದುಬರಹ ಬಾರದವರೂ ಕಾನೂನು ಕಲಿತದ್ದು ಇಲ್ಲಿ. ಕುರ್ಚಿಗಳ ಕೈಕಾಲು ಮುರಿದವು, ಬದಲಾದವು. ಒಂದು ವರ್ಷ ಎಲ್ಲಕ್ಕೂ ಒಂದೇ ನೀಲಿ ಬಣ್ಣ ಬಳಿದರು. ತಂದವರು ಒಬ್ಬೊಬ್ಬರಾಗಿ ಸತ್ತರು. ಮಕ್ಕಳಿಗೆ ಉಳಿದದ್ದು ಹಿರಿಯರು ತೋರಿಸಿದ ಜಾಗ ಮಾತ್ರ: "ನೀನು ಇದರಲ್ಲಿ ಕೂತ್ಕೋ, ಇದು ನಮ್ಮದಲ್ಲ." ತಮ್ಮದು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಬರಲಿಲ್ಲ, ಮೊನ್ನೆಮೊನ್ನೆಯವರೆಗೆ.

ಮೊನ್ನೆ ಕ್ವಾರಿಯ ಮ್ಯಾನೇಜರ್ ಬಂದ. ಹಳೆಯ ಧಣಿಯ ಮಗ, ಈಗಿನ ಚಿಕ್ಕಧಣಿ, ಊರಿನ ಮೇಲಿನ ಪ್ರೀತಿಗೆ ಕೂಟದ ಮನೆಗೆ ಹೊಸ ಪ್ಲಾಸ್ಟಿಕ್ ಕುರ್ಚಿಗಳನ್ನು ಕೊಡುತ್ತಾನಂತೆ, ಮುಂದೆ ಹಾಕಲು ಒಂದು ಸೋಫಾ ಕೂಡ. ಭಾನುವಾರ ತಾನೇ ಬಂದು ಉದ್ಘಾಟಿಸುತ್ತಾನಂತೆ.

"ಹಳೇ ಕುರ್ಚಿ ಎಲ್ಲ ಅವರವರ ಮನೆಗೆ ತಗೊಂಡೋಗಿ. ಉಳಿದಿದ್ದು ಒಲೆಗೆ" ಎಂದು ಹೇಳಿ ಹೋದ.

ಈ ಪ್ರೀತಿ ಉಕ್ಕಿದ್ದು ಯಾವಾಗ ಎಂಬುದನ್ನು ಗಮನಿಸಬೇಕು. ಕ್ವಾರಿಯ ಹೊಸ ಕ್ರಷರ್ ಹಗಲೆಲ್ಲ ಧೂಳು ಉಗುಳುತ್ತಿತ್ತು. ಜಲ್ಲಿ ಒಡೆಯುತ್ತಿದ್ದ ಹೆಂಗಸೊಬ್ಬಳು ಕೆಮ್ಮಿ ಕೆಮ್ಮಿ ಸತ್ತಿದ್ದಳು. ಕ್ರಷರ್‌ಗೆ ನೀರು ಸಿಂಪಡಿಸುವ ಪೈಪು ಹಾಕಿಸಬೇಕು ಎಂಬ ಮಾತು ಕೂಟದ ಮನೆಯಲ್ಲಿ ಎದ್ದಿತ್ತು. ಪೈಪು ಬರಲಿಲ್ಲ, ಸೋಫಾ ಬಂತು.

ಆದರೂ ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಜನ ಕುರ್ಚಿ ಹೊತ್ತುಕೊಂಡು ಹೊರಟರು. ಎಲ್ಲರಿಗಿಂತ ಮುಂದೆ ತಕ್ಕಡಿ ಚಿಕ್ಕಪ್ಪ. ಕೈಕುರ್ಚಿ ತಂದಿದ್ದ ಅದೇ ಅಂಗಡಿಯವನ ಮಗ ಈತ. ಮಾತನ್ನೂ ತೂಗಿಯೇ ಆಡುವುದರಿಂದ ಆ ಹೆಸರು. ಈತನಿಗೆ ಮ್ಯಾನೇಜರ್ ಎಂದರೆ ಮಾವನ ಮನೆಯವರಷ್ಟು ಗೌರವ.

ಆ ಗದ್ದಲದಲ್ಲಿ ಬಾಗಿಲಲ್ಲೇ ನಿಂತವಳು ಟೈಲರಕ್ಕ. ಕೆಮ್ಮಿ ಸತ್ತ ಹೆಂಗಸಿನ ಮಗಳು. ಆ ತಾಯಿಯನ್ನು ಊರು ಜಲ್ಲಿಯಮ್ಮ ಅಂತಲೇ ಕರೆಯುತ್ತಿತ್ತು. ಜಲ್ಲಿಯಮ್ಮನದು ಎಂದು ಏನೂ ಉಳಿದಿರಲಿಲ್ಲ. ಸುತ್ತಿಗೆ ಕ್ವಾರಿಯದು, ವಾಪಸ್ ಹೋಯಿತು. ಒಳ್ಳೆಯ ಸೀರೆ ಅವಳ ಜೊತೆಗೇ ಹೋಯಿತು. ಫೋಟೊ ತೆಗೆಸಿಕೊಂಡವಳೇ ಅಲ್ಲ. ಆದರೆ ಅವಳೂ ಇಲ್ಲಿಗೊಂದು ಕುರ್ಚಿ ತಂದಿಟ್ಟಿದ್ದಳು. ಅದು ಯಾವುದೆಂದು ಮಗಳಿಗೆ ಗೊತ್ತಿರಲಿಲ್ಲ, ಕೇಳಿದಾಗೆಲ್ಲ "ನಿನಗ್ಯಾಕೆ ಅದು? ನೀನು ಕೂರೋದು ಇದು" ಎಂದು ಕಿಟಕಿಯ ಪಕ್ಕದ ಸ್ಟೂಲು ತೋರಿಸಿ ಬಾಯಿ ಮುಚ್ಚಿಸಿದ್ದಳು. ಈಗ ಟೈಲರಕ್ಕನಿಗೆ ಆ ಕುರ್ಚಿ ಬೇಕು. ಒಲೆಗೆ ಹೋಗುವ ಮೊದಲು ಬೇಕು.

ಅವಳು ಕಮ್ಮಾರಜ್ಜನ ಕುಲುಮೆಗೆ ಹೋದಳು. ತಂದವರ ಕಾಲದ ಮನುಷ್ಯ ಅಂತ ಉಳಿದಿದ್ದವನು ಅವನೊಬ್ಬನೇ. ಆನೆಯಂಥ ಆಳು, ಈಗ ಆನೆ ಮುದಿಯಾಗಿತ್ತು, ತೂಕ ಮಾತ್ರ ಇಳಿದಿರಲಿಲ್ಲ.

"ನೋಡಿದ್ರೆ ಗುರುತು ಸಿಗಲ್ಲ ಮಗಳೇ, ಎಲ್ಲಾ ನೀಲಿ ಬಳಿದುಬಿಟ್ರಲ್ಲ" ಎಂದ ಅಜ್ಜ. "ಕೂತ್ರೆ ಗೊತ್ತಾಗತ್ತೆ. ಅದು ಕಿರಗುಟ್ಟೋದೇ ಬೇರೆ."

ಆಮೇಲೆ ಅವನು ಹೇಳಿದ್ದು ಟೈಲರಕ್ಕ ಎಂದೂ ಕೇಳಿರದ ಸಂಗತಿ.

ಮನೆಗೊಂದು ಕುರ್ಚಿ ಎಂದಾಗ ಮನೆ ಎಂದರೆ ಗಂಡಸು ಎಂದೇ ಊರು ತಿಳಿದಿತ್ತು. ಜಲ್ಲಿಯಮ್ಮನ ಗಂಡ ಬಂಡೆಯಡಿ ಸಿಕ್ಕು ಸತ್ತಿದ್ದ. ಅವಳು ಸಿಡಿಮದ್ದಿನ ಪೆಟ್ಟಿಗೆಯ ಹಲಗೆ ಆಯ್ದು, ಬಡಗಿಯ ಕೈಕಾಲು ಹಿಡಿದು ಒಂದು ಕುರ್ಚಿ ಮಾಡಿಸಿ, ಹೊತ್ತು ತಂದು ನಟ್ಟನಡುವೆ ಇಟ್ಟಳು. ತಕ್ಕಡಿಯ ಅಪ್ಪ, ಆ ಕೈಕುರ್ಚಿಯ ಅಂಗಡಿಯವನು, "ಗಂಡಿಲ್ಲದ ಮನೆ ಮನೆಯೇ ಅಲ್ಲ, ಅದಕ್ಯಾವ ಕುರ್ಚಿ?" ಎಂದ. ಅವಳು ಎತ್ತಲಿಲ್ಲ. ಕಟ್ಟಳೆಯ ಪ್ರಕಾರ ಅದರಲ್ಲಿ ಅವಳು ಕೂರುವಂತಿಲ್ಲ, ಉಳಿದವರು ಕೂರಲು ಸಿದ್ಧರಿಲ್ಲ. ತನ್ನ ಕುರ್ಚಿ ಖಾಲಿ ಬಿಟ್ಟುಕೊಂಡು ಅವಳು ಮೂಲೆಯ ಡಬ್ಬದ ಮೇಲೆ ಕೂತಳು. ಸಭೆಯ ಮೇಲೆ ಸಭೆ ಹಾಗೇ ನಡೆದವು. ನಡುವೆ ಖಾಲಿ ಕುರ್ಚಿ, ಸುತ್ತ ಗಂಡಸರು.

"ಒಂದಿನ ನಾನು ತಡವಾಗಿ ಬಂದೆ" ಎಂದ ಅಜ್ಜ. "ಕುಲುಮೆ ಮುಂದೆ ನಿಂತು ನಿಂತು ಕಾಲು ಬಿದ್ದೋಗಿದ್ವು. ಖಾಲಿ ಇದ್ದಿದ್ದು ಅದೊಂದೇ. ನ್ಯಾಯ ಗೀಯ ಏನೂ ನನ್ನ ತಲೇಲಿರಲಿಲ್ಲ ತಾಯೀ, ಸುಳ್ಳು ಯಾಕೆ ಹೇಳ್ಲಿ? ದೊಪ್ಪಂತ ಕೂತೆ. ಅದು ಇಲಿಮರಿ ತುಳಿದಂಗೆ ಕಿರ್‌ರ್ ಅಂತು. ಇಡೀ ಕೂಟ ನಗಾಡ್ತು. ನಿಮ್ಮಮ್ಮನೂ ನಕ್ಕಳು. ನಗು ನಿಲ್ಲೋದ್ರೊಳಗೆ ಬಾಯಿ ಬಿಟ್ಟಳು ನೋಡು: 'ಕಮ್ಮಾರಣ್ಣ ಕೂತಾಯ್ತಲ್ಲ, ಹಂಗಾದ್ರೆ ನಮ್ಮದೂ ಮನೇನೇ. ಈಗ ನನ್ನ ಮಾತು ಕೇಳಿ. ಕೂಸುಗಳನ್ನ ಬಿಸಿಲು ಬಂಡೆ ಮೇಲೆ ಮಲಗಿಸಿ ಜಲ್ಲಿ ಒಡೀತೀವಿ. ಕೂಸಿಗೊಂದು ನೆರಳು ಬೇಕು.'"

ಆ ನೆರಳಿಗಾಗಿ ಮುಷ್ಕರ ನಡೆಯಿತು, ಚಪ್ಪರ ಬಂತು. ಅದರಡಿಯಲ್ಲಿ ಬೆಳೆದ ಕೂಸುಗಳಲ್ಲಿ ಟೈಲರಕ್ಕನೂ ಒಬ್ಬಳು. ಚಪ್ಪರ ಗೊತ್ತಿತ್ತು ಅವಳಿಗೆ, ಕುರ್ಚಿಯ ಕಥೆ ಗೊತ್ತಿರಲಿಲ್ಲ.

"ಮಾರನೇ ದಿನ ಕಿರಗುಟ್ಟೋದನ್ನ ಸರಿ ಮಾಡಿಕೊಡ್ತೀನಿ ಅಂದೆ. ಬೇಡ ಬಿಡಣ್ಣ, ಸದ್ದು ಬರ್ಲಿ, ಯಾರೋ ಕೂತ್ರು ಅಂತ ಎಲ್ರಿಗೂ ತಿಳೀಲಿ ಅಂದಳು."

ಅಜ್ಜ ಎದ್ದ. "ನಡಿ. ಕೂತು ನೋಡೇ ಹೇಳಬೇಕು."

ಮನೆಮನೆಗೂ ಹೊರಟಿತು ಮೆರವಣಿಗೆ: ಮುಂದೆ ಆನೆ, ಹಿಂದೆ ಟೈಲರಕ್ಕ. ಹೋದಲ್ಲೆಲ್ಲ ಅವರಿಗೆ ಕಂಡದ್ದು ಒಂದೇ ವಿಚಿತ್ರ. ಹೊತ್ತು ತಂದ ಕುರ್ಚಿ ಪಡಸಾಲೆಯಲ್ಲಿದೆ, ಮನೆಯವರು ನೆಲದ ಮೇಲಿದ್ದಾರೆ.

"ಕೂರಕ್ಕಾಗ್ತಿಲ್ಲ ಅಜ್ಜ" ಎಂದಳು ಒಬ್ಬಳು ಸೊಸೆ. "ಕೂತ ತಕ್ಷಣ ಯಾರೋ ಬೈದಂಗಾಗತ್ತೆ. ನಮ್ಮದೇ ಕುರ್ಚಿ ಅಲ್ವಾ!"

ಇನ್ನೊಂದು ಮನೆಯ ಯಜಮಾನ ಪಕ್ಕದ ಮನೆಗೆ ಹೋಗಿ ಕೂತಿದ್ದ. ಪಕ್ಕದ ಮನೆಯವನು ಇವನ ಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದ. ಇಬ್ಬರ ಹೆಂಡತಿಯರೂ ಯಾರ ಗಂಡನಿಗೆ ಯಾರು ಟೀ ಕೊಡಬೇಕೆಂದು ಬೀದಿಯಲ್ಲಿ ವಾದಕ್ಕೆ ನಿಂತಿದ್ದರು. ಅಜ್ಜ ಕೂತಲ್ಲೆಲ್ಲ ಮನೆಯವರ ಮುಖ ಬೆಳಗುತ್ತಿತ್ತು. ಅಂತೂ ಒಬ್ಬರಾದರೂ ಕೂತರಲ್ಲ ಎಂದು. ಕೆಲವು ಕುರ್ಚಿ ನರಳಿದವು, ಕೆಲವು ಸುಮ್ಮನಿದ್ದವು, ಒಂದು ಲಟಕ್ಕೆಂದು ಮುರಿದೇಹೋಯಿತು. "ಇದಂತೂ ಅಲ್ಲ" ಎಂದ ಅಜ್ಜ, ನೆಲದ ಮೇಲಿಂದ.

ತಕ್ಕಡಿ ಚಿಕ್ಕಪ್ಪನ ಮನೆಯಲ್ಲಿ ಕುರ್ಚಿಗೆ ಗೋಡೆಯ ಮುಂದಿನ ಒಳ್ಳೆಯ ಜಾಗ ಸಿಕ್ಕಿತ್ತು, ಮೇಲೊಂದು ಬಟ್ಟೆಯ ಹೊದಿಕೆ. ಅಜ್ಜ ಬಟ್ಟೆ ಸರಿಸಿ ಕೂತ.

ಕಿರ್‌ರ್.

ಅಜ್ಜ ಕಣ್ಣು ಮುಚ್ಚಿದ. ಸ್ವಲ್ಪ ಎದ್ದು ಮತ್ತೆ ಕೂತ. ಮತ್ತೆ ಅದೇ ಕಿರ್‌ರ್. ಟೈಲರಕ್ಕನ ಕಡೆ ನೋಡಿ ತಲೆಯಾಡಿಸಿದ.

"ಚಿಕ್ಕಪ್ಪ, ಇದು ನಮ್ಮಮ್ಮನ ಕುರ್ಚಿ. ಕೊಡಿ" ಎಂದಳು ಅವಳು.

"ಏನು ಮಾತಾಡ್ತೀಯಮ್ಮ? ಇದು ನಮ್ಮಪ್ಪಂದು."

"ಅಜ್ಜ ಸದ್ದು ಗುರುತಿಸಿದ್ರಲ್ಲ."

"ಅಜ್ಜ ಕೂತ್ರೆ ಬಂಡೇನೂ ಕಿರಗುಟ್ಟತ್ತೆ!" ಚಿಕ್ಕಪ್ಪನ ದನಿ ಏರಿತು. ಒಳಗಿನಿಂದ ಚಿಕ್ಕಮ್ಮ ಬಂದು ಬಾಗಿಲಿಗೆ ಒರಗಿದಳು. "ನನ್ನ ಕಣ್ಣಾರೆ ನೋಡಿದ್ದೀನಿ ನಾನು. ನಮ್ಮಪ್ಪ ಸಾಯೋ ತನಕ ಕೂಟದ ಮನೇಲಿ ಇದೇ ಕುರ್ಚೀಲೇ ಕೂರ್ತಿದ್ದ. ಬೇರೆಯವರು ಕೂತಿದ್ರೆ ಎಬ್ಬಿಸಿ ಕೂರ್ತಿದ್ದ. ಇನ್ನೇನು ಸಾಕ್ಷಿ ಬೇಕು?"

ಅಜ್ಜ ಮೆಲ್ಲಗೆ ನಗತೊಡಗಿದ. ಹೊಟ್ಟೆ ಕುಣಿಯಿತು, ಕುರ್ಚಿ ಕಿರಗುಟ್ಟಿತು.

"ಯಾಕೆ ನಗ್ತೀಯ?"

ಉತ್ತರ ಕೊಟ್ಟದ್ದು ಚಿಕ್ಕಮ್ಮ. "ರೀ, ಮಾವ ಇದರಲ್ಲಿ ಕೂರ್ತಿದ್ರು ಅಂದ್ರೆ, ಇದು ಅವರದ್ದಲ್ಲ ಅಂತ ತಾನೇ?"

ಊರಿಗೆ ಊರೇ ಮಾಡಿದ ತಪ್ಪು ಅದು. ಅಪ್ಪ ಕೂತದ್ದು, ಅಜ್ಜಿ ಕೂತದ್ದು ಎಂದು ನೆನಪಿಟ್ಟುಕೊಂಡು, ಖಂಡಿತವಾಗಿ ತಮ್ಮದಲ್ಲದ ಕುರ್ಚಿಯನ್ನೇ ಪ್ರತಿಯೊಬ್ಬರೂ ಮನೆಗೆ ಹೊತ್ತು ತಂದಿದ್ದರು.

"ಅಂತೂ ನಿಮ್ಮಪ್ಪ ಕೂತಿದ್ದ ಅನ್ನು" ಎಂದ ಅಜ್ಜ ಕಣ್ಣೊರೆಸಿಕೊಳ್ಳುತ್ತಾ. "ಗಂಡಿಲ್ಲದ ಮನೆ ಕುರ್ಚಿ ಅಂತ ಮೂಗು ಮುರಿದೋನು. ಒಂದು ಸಲ ಕೂತ ಮೇಲೆ ಬಿಡೋಕಾಗಲಿಲ್ಲ. ಹಗೂರ ಇದೆ, ಬೆನ್ನಿಗೆ ಚೆನ್ನಾಗಿದೆ. ಜಲ್ಲಿಯಮ್ಮ ಸುಮ್ಮನೆ ಮಾಡಿಸಿದ್ದಲ್ಲ ಕಣಯ್ಯ."

ಚಿಕ್ಕಪ್ಪ ಹೊದಿಕೆಯ ಬಟ್ಟೆ ಮಡಿಚಿ ಹೆಂಡತಿಯ ಕೈಗೆ ಕೊಟ್ಟ. "ಒಯ್ಯಮ್ಮ" ಎಂದ. ದನಿಯಲ್ಲಿ ತೂಕವಿರಲಿಲ್ಲ.

ಟೈಲರಕ್ಕ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟಳು. ಹಲಗೆಯ ಅಂಚು ಸವೆದು ನುಣುಪಾಗಿತ್ತು, ಎಷ್ಟೋ ಕೈಗಳು ಹಿಡಿದು ಎಳೆದದ್ದಕ್ಕೆ. ಎತ್ತಬೇಕು, ಮನೆಗೆ ಒಯ್ಯಬೇಕು, ಹೊಲಿಗೆ ಮಷೀನಿನ ಪಕ್ಕದಲ್ಲಿಡಬೇಕು. ಇಟ್ಟ ಮೇಲೆ? ಆ ಸೊಸೆಯ ಹಾಗೆ ಅವಳೂ ನೆಲದ ಮೇಲೆ ಕೂತು ಅದನ್ನು ನೋಡುತ್ತಿರಬೇಕು. ಅಮ್ಮನದಾದರೆ ತನ್ನದು. ತನ್ನದಾದರೆ ಅದರಲ್ಲಿ ಅವಳು ಸಾಯುವ ತನಕ ಕೂರುವಂತಿಲ್ಲ.

ಅವಳು ಕೈ ತೆಗೆದಳು.

"ಇಲ್ಲ ಚಿಕ್ಕಪ್ಪ. ಇದು ನಿಮ್ಮದೇ."

"ಈಗ ತಾನೇ ನಿಂದು ಅಂದೆ!"

"ನಿಮ್ಮದು ಅಂತಿದ್ದೀನಲ್ಲ. ಊರಿನ ಮುಂದೆ ಯಾರು ಕೇಳಿದ್ರೂ ನಿಮ್ಮದು ಅಂತಲೇ ಹೇಳಬೇಕು. ಆಣೆ ಇಡಿ."

ಚಿಕ್ಕಪ್ಪನಿಗೆ ಏನೂ ಅರ್ಥವಾಗಲಿಲ್ಲ. ಚಿಕ್ಕಮ್ಮನಿಗೆ ಆಯಿತು. ಅವಳು ಟೈಲರಕ್ಕನ ಮುಖ ನೋಡಿ, "ಕೂತ್ಕೋ ಬಾ, ಇಲ್ಲೇ, ಈಗಲೇ" ಎಂದಳು.

"ಇಲ್ಲಿ ಬೇಡ ಚಿಕ್ಕಮ್ಮ. ಅಲ್ಲಿ."

ಆದರೆ "ಅಲ್ಲಿ" ಭಾನುವಾರ ಹೊಸ ಕುರ್ಚಿಗಳು ತುಂಬಿಕೊಂಡಿದ್ದವು. ಎಲ್ಲವೂ ಒಂದೇ ಬಣ್ಣ, ಒಂದೇ ಎತ್ತರ, ಪ್ರತಿಯೊಂದರ ಬೆನ್ನ ಮೇಲೂ ಚಿಕ್ಕಧಣಿಯ ಹೆಸರು ದಪ್ಪಕ್ಷರದಲ್ಲಿ. ಊರಿನ ಜನ ಕೂತಿದ್ದರು. ಕೂರಲು ಅಡ್ಡಿಯೇನೂ ಇರಲಿಲ್ಲ, ಯಾವುದೂ ಅವರದಲ್ಲವಲ್ಲ. ಮುಂದೆ ಸೋಫಾ. ಹೊರಗೆ ಕಾರು ನಿಂತಿತು, ಚಿಕ್ಕಧಣಿ ಒಳಗೆ ಬಂದ, ಎಲ್ಲರಿಗೂ ಕೈಮುಗಿದ, ಸೋಫಾದ ಮುಂದೆ ತಿರುಗಿ ನಿಂತು ಪ್ಯಾಂಟನ್ನು ಮೊಣಕಾಲ ಬಳಿ ಸ್ವಲ್ಪ ಎತ್ತಿ ಕೂರಲು ಬಾಗಿದ.

"ಧಣೀ, ಬೇಡ!"

ಕೂಗಿದ್ದು ತಕ್ಕಡಿ ಚಿಕ್ಕಪ್ಪ. ಯಾವ ಪಿತೂರಿಯೂ ಇರಲಿಲ್ಲ. ಕೂಸು ಬೆಂಕಿಗೆ ಕೈ ಚಾಚಿದಾಗ ಬರುವ ಕೂಗು ಅದು. ಸಭೆಯೆಲ್ಲ ಅದೇ ಕ್ಷಣಕ್ಕೆ "ಅಯ್ಯೋ" ಎಂದಿತ್ತು.

ಧಣಿ ಅರ್ಧ ಬಾಗಿದಲ್ಲೇ ನಿಂತ. "ಏನಾಯ್ತು?"

"ಅದು... ನೀವು ತಂದಿದ್ದು ಧಣಿ. ನೀವು ತಂದಿದ್ರಲ್ಲಿ ನೀವು ಕೂರೋ ಹಾಗಿಲ್ಲ."

"ಸರಿ, ಈ ಕುರ್ಚೀಲಿ ಕೂರ್ತೀನಿ."

"ಅದೂ ನಿಮ್ಮದೇ" ಎಂದರು ಹತ್ತು ದನಿಗಳು.

ಮ್ಯಾನೇಜರ್ ಮುಂದೆ ಬಂದ. "ತಮಾಷೆ ಮಾಡ್ತಿದ್ದೀರಾ? ಮತ್ತೆ ಸಾಹೇಬರು ಎಲ್ಲಿ ಕೂರಬೇಕು?"

"ನಮ್ಮ ಕುರ್ಚೀಲಿ" ಎಂದ ಕಮ್ಮಾರಜ್ಜ. "ಅವನ್ನ ಮನೆಗೆ ಒಯ್ಯಿ ಅಂದೋರು ನೀವೇ."

ಚಿಕ್ಕಧಣಿಯ ಅಪ್ಪನ ಜಗಲಿಯ ಮುಂದೆ ನಿಂತವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಕೂತಿದ್ದರು, ಅವನೊಬ್ಬ ನಿಂತಿದ್ದ. ಬೇರೆ ಊರಾಗಿದ್ದರೆ ಆ ರುಚಿಯನ್ನು ಚೆನ್ನಾಗಿ ಚಪ್ಪರಿಸುತ್ತಿದ್ದರು. ನಮ್ಮವರಿಂದ ಆಗಲಿಲ್ಲ. ಈ ಮನೆಯೊಳಗೆ ಒಬ್ಬ ಮನುಷ್ಯ ನಿಂತಿರುವುದನ್ನು ಅವರ ಕಣ್ಣುಗಳು ತಾಳಲಾರವು. ಮೊದಲು ಆ ಸೊಸೆ ಎದ್ದು ಓಡಿದಳು, "ತರ್ತೀನಿ ತಡೀರಿ" ಎನ್ನುತ್ತಾ. ಆಮೇಲೆ ಎಲ್ಲರೂ. ಬೀದಿಯ ತುಂಬ ನೀಲಿ ಕುರ್ಚಿಗಳು ತಲೆಯ ಮೇಲೆ, ಹೆಗಲ ಮೇಲೆ, ಸೊಂಟದ ಮೇಲೆ ವಾಪಸ್ ಬಂದವು. ಹೊಸವನ್ನು ಹೊರಗಿಟ್ಟು ಹಳೆಯವನ್ನು ಒಳಗೆ ಸಾಲಾಗಿ ಇಡುವಾಗ ಆದ ಸದ್ದು ಮಳೆ ಬಂದ ಹಾಗಿತ್ತು.

ತಕ್ಕಡಿ ಚಿಕ್ಕಪ್ಪ ತನ್ನ ಕುರ್ಚಿಯನ್ನು ತಂದು ನಟ್ಟನಡುವೆ, ಧಣಿಯ ಮುಂದೆ ಇಟ್ಟ. "ಕೂತ್ಕೊಳ್ಳಿ."

ಧಣಿ ನೋಡಿದ. ನೀಲಿ ಬಣ್ಣ ಎದ್ದು, ಕೆಳಗೆ ಸಿಡಿಮದ್ದಿನ ಪೆಟ್ಟಿಗೆಯ ಹಲಗೆ ಕಾಣುತ್ತಿತ್ತು. "ಯಾರದು ಇದು?"

ಟೈಲರಕ್ಕನ ಗಂಟಲಿಗೆ ಮಾತು ಬಂತು. ನಮ್ಮಮ್ಮಂದು. ನಿಮ್ಮ ಜಲ್ಲಿ ಒಡೆದವಳದ್ದು, ನಿಮ್ಮ ಧೂಳು ಕುಡಿದವಳದ್ದು. ಹೇಳಿಬಿಟ್ಟರೆ ಎದೆ ಹಗುರಾಗುತ್ತಿತ್ತು. ಹೇಳಿಬಿಟ್ಟರೆ ಕುರ್ಚಿ ಹೋಗುತ್ತಿತ್ತು. ಅಜ್ಜ ಅವಳನ್ನೇ ನೋಡುತ್ತಿದ್ದ. ಅವಳು ತುಟಿ ಕಚ್ಚಿ ನುಂಗಿದಳು.

"ನಮ್ಮದು" ಎಂದ ತಕ್ಕಡಿ ಚಿಕ್ಕಪ್ಪ.

ಧಣಿ ಕರವಸ್ತ್ರ ತೆಗೆದು ಹಲಗೆಯನ್ನು ಒರೆಸಿದ. ಕರವಸ್ತ್ರ ನೋಡಿಕೊಂಡ. ಮಡಿಚಿ ಜೇಬಿಗಿಟ್ಟ. "ಪರವಾಗಿಲ್ಲ, ನಿಂತೇ ಮಾತಾಡ್ತೀನಿ" ಎಂದ.

ಮಾತಾಡಿದ. ನಿಂತೇ. ಕೂತವರು ಮುಖ ಎತ್ತಿ, ತಾಳ್ಮೆಯಿಂದ, ಅಡ್ಡ ಬಾಯಿ ಹಾಕದೆ ಕೇಳಿದರು. ಊರು ಅಂದ, ಬಾಂಧವ್ಯ ಅಂದ, ಕಾಲು ಬದಲಿಸಿದ, ಮತ್ತೆ ಬಾಂಧವ್ಯ ಅಂದ. ನಿಂತವನ ಮಾತು ಬೇಗ ಮುಗಿಯುತ್ತದೆ. ಕಾರು ಹೋಯಿತು. ಹೊರಗಿಟ್ಟ ಹೊಸ ಕುರ್ಚಿಗಳ ಬೆನ್ನ ಮೇಲೆ ಯಾರೋ ಆಗಲೇ ಒದ್ದೆ ಬಟ್ಟೆ ಹರಡಿದ್ದರು, ಹೆಸರು ಕಾಣದ ಹಾಗೆ.

ಸಭೆ ಎದ್ದು ಹೋಗಲಿಲ್ಲ. ನಡುವಿನ ಕುರ್ಚಿ ಖಾಲಿಯಿತ್ತು, ಹಿಂದೆ ಒಮ್ಮೆ ಇದ್ದ ಹಾಗೆಯೇ.

ಟೈಲರಕ್ಕ ಕಿಟಕಿಯ ಪಕ್ಕದ ತನ್ನ ಸ್ಟೂಲಿನಿಂದ ಎದ್ದು ಬಂದಳು. ಎಲ್ಲರಿಗೂ ಕೇಳುವ ಹಾಗೆ, "ಚಿಕ್ಕಪ್ಪ, ನಿಮ್ಮ ಕುರ್ಚೀಲಿ ಕೂತ್ಕೊಳ್ಳಲಾ?" ಎಂದಳು.

ತಕ್ಕಡಿ ಚಿಕ್ಕಪ್ಪನಿಗೆ ಆಗ ಅರ್ಥವಾಯಿತು. ಕಣ್ಣು ಪಿಳಿಪಿಳಿ ಬಿಟ್ಟ. ತೂಗದೆ, ಅಳೆಯದೆ ಹೇಳಿದ: "ಕೂತ್ಕೋಮ್ಮ. ನಮ್ಮದೇ ಅದು. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ."

ಅವಳು ಕೂತಳು.

ಕಿರ್‌ರ್.

ಕೂಟದ ಮನೆ ನಕ್ಕಿತು. ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕ. ಟೈಲರಕ್ಕ ಬೆನ್ನನ್ನು ಹಲಗೆಗೆ ಕೊಟ್ಟಳು. ಅದು ಅವಳ ಬೆನ್ನಿಗೆ ಸರಿಯಾಗಿ ಕೂತಿತು. ನಗು ಪೂರ್ತಿ ನಿಲ್ಲುವ ಮೊದಲೇ ಅವಳು ಬಾಯಿ ತೆರೆದಳು.

"ಸೋಫಾ ನೋಡಿದ್ದಾಯ್ತು. ಈಗ ಕ್ರಷರ್ ಧೂಳಿನ ಮಾತಿಗೆ ಬರೋಣ. ನೀರಿನ ಪೈಪು ಬರೋ ತನಕ ನಾಳೆಯಿಂದ ಯಾರ್ಯಾರು ಕೆಲಸ ನಿಲ್ಲಿಸ್ತೀರಿ, ಕೂತಲ್ಲಿಂದಲೇ ಕೈ ಎತ್ತಿ."